ಅಕ್ಕಿ ಕೊಟ್ಟವರು, ಗುಂಡು ಹೊಡೆದವರು

ನಮ್ಮ ಮಾವ ಮಿಲಿಟರಿಯಲ್ಲಿದ್ದವರು ಎಂಬುದು ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಸಂಬಂಧ ತಂದವರು ಅದನ್ನೇ ದೊಡ್ಡದು ಮಾಡಿ ಹೇಳಿದ್ದರು: ಹುಡುಗನ ತಂದೆ ದೊಡ್ಡ ಯುದ್ಧಕ್ಕೆ ಹೋಗಿ ಬಂದವರು, ಬರ್ಮಾ ನೋಡಿದವರು, ಶಿಸ್ತಿನ ಮನೆ ಎಂದು. ಮಾಯಸಂದ್ರದ ಹತ್ತಿರದ ಆ ಹಳ್ಳಿಗೆ ಸೊಸೆಯಾಗಿ ಬಂದು ನೋಡಿದರೆ ಮನೆಯಲ್ಲಿ ಮಿಲಿಟರಿಯ ಗುರುತು ಒಂದೂ ಇರಲಿಲ್ಲ. ಗೋಡೆಯ ಮೇಲೆ ಸಮವಸ್ತ್ರದ ಫೋಟೊ ಇಲ್ಲ, ಪೆಟ್ಟಿಗೆಯಲ್ಲಿ ಪದಕ ಇಲ್ಲ. ಮಾವ ಅಲ್ಲಿ ಬಂದೂಕು ಹಿಡಿದವರಲ್ಲವಂತೆ, ಲಾರಿ ಡ್ರೈವರ್ ಆಗಿದ್ದರಂತೆ. ಆದರೆ ಊರಿಗೆ ಬಂದ ಮೇಲೆ ಅವರು ಸ್ಟೀರಿಂಗ್ ಮುಟ್ಟಲೇ ಇಲ್ಲ. ತಿಪಟೂರಿಗೂ ತುರುವೇಕೆರೆಗೂ ನಡುವೆ ಬಸ್ಸು ಬಿಟ್ಟಿದ್ದ ಸಾಹುಕಾರರೊಬ್ಬರು ಮನೆ ಬಾಗಿಲಿಗೇ ಬಂದು ಕೆಲಸಕ್ಕೆ ಕರೆದರೂ ಹೋಗಲಿಲ್ಲವೆಂದು ಅತ್ತೆ ಹೇಳುತ್ತಿದ್ದರು. ನಮ್ಮ ಮನೆಯವರು ಟ್ರ್ಯಾಕ್ಟರ್ ತಂದಾಗ ಪೂಜೆಗೆ ಬಂದು ನಿಂತರು, ನಿಂಬೆಹಣ್ಣು ಇಟ್ಟರು, ಹತ್ತಿ ಕೂರಲಿಲ್ಲ.

ಇನ್ನೊಂದು ವಿಷಯ ನನಗೆ ಹೊಸದರಲ್ಲಿ ವಿಚಿತ್ರವಾಗಿ ಕಂಡಿತ್ತು. ಕೊಟ್ಟಿಗೆಯ ಪಕ್ಕದಲ್ಲಿದ್ದ ಒಂದು ತೆಂಗಿನಮರಕ್ಕೆ ಸಿಡಿಲು ಹೊಡೆದು ಸುಳಿ ಸುಟ್ಟುಹೋಗಿತ್ತು. ಗಾಳಿ ಬಂದಾಗಲೆಲ್ಲ ಬೋಳು ಮರ ಹೆಂಚಿನ ಕಡೆ ವಾಲುತ್ತಿತ್ತು. ಕಡಿಸಲೇಬೇಕಾಗಿತ್ತು. ಕೊಡಲಿಯವರು ಬರುವ ದಿನ ಬೆಳಿಗ್ಗೆಯೇ ಮಾವ ಹೆಗಲಿಗೆ ಟವೆಲ್ ಹಾಕಿಕೊಂಡು ಶೆಟ್ಟಿಕೆರೆಯಲ್ಲಿದ್ದ ತಮ್ಮ ತಂಗಿಯ ಮನೆಗೆ ಹೊರಟುಬಿಟ್ಟರು. ಮರ ಉರುಳಿ, ಕಾಂಡ ತುಂಡಾಗಿ, ಅಂಗಳ ಗುಡಿಸಿ ಆದಮೇಲೇ ವಾಪಸು ಬಂದದ್ದು. ‘ಅಪ್ಪನಿಗೆ ಮರ ಕಡಿಯೋದು ಆಗಲ್ಲ’ ಎಂದರು ನಮ್ಮ ಮನೆಯವರು. ಹೆಚ್ಚು ವಿವರ ಅವರಿಗೂ ಗೊತ್ತಿರಲಿಲ್ಲ. ತೆಂಗು ನಂಬಿದ ಸೀಮೆಯಲ್ಲಿ ಹಾಗೆ ಮರವನ್ನು ಹಚ್ಚಿಕೊಂಡ ಮುದುಕರು ಬೇಕಾದಷ್ಟು ಜನ ಇರುತ್ತಾರೆ. ನಾನೂ ಅಷ್ಟಕ್ಕೇ ಬಿಟ್ಟೆ.

ನಾನು ಊರಿನ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದೆ. ಒಂದು ಸಂಜೆ ಜಗಲಿಯ ಮೇಲೆ ಕೂತು ಮಾರನೆಯ ದಿನದ ಪಾಠ ಓದಿಕೊಳ್ಳುತ್ತಿದ್ದಾಗ ಮಾವ ಹತ್ತಿರ ಬಂದು ಕೂತರು.

‘ಅದು ಯುದ್ಧದ ಪಾಠವೇನವ್ವ?’

‘ಹೌದು ಮಾವ. ಎರಡನೇ ಮಹಾಯುದ್ಧ.’

‘ಜಾವಾದ ಇಚಾರ ಏನಾರ ಬರ್ದವ್ರಾ ಅದ್ರಾಗೆ?’

ನಾನು ಹಾಳೆ ತಿರುವಿ ನೋಡಿದೆ. ಬಾಂಬು ಬಿತ್ತು, ಜಪಾನ್ ಶರಣಾಯಿತು, ಯುದ್ಧ ಮುಗಿಯಿತು ಎಂದಿತ್ತು. ಅಲ್ಲಿಗೆ ಪಾಠವೂ ಮುಗಿದಿತ್ತು. ಇಲ್ಲ ಎಂದೆ.

‘ಒಳ್ಳೇದಾಯ್ತು ಬುಡು’ ಎಂದು ಎದ್ದುಹೋದರು.

ಆಮೇಲಿನ ವರ್ಷಗಳಲ್ಲಿ, ಅದರಲ್ಲೂ ಅತ್ತೆ ತೀರಿಕೊಂಡ ಮೇಲೆ, ಮಾವ ಆಗಾಗ ನನ್ನ ಹತ್ತಿರ ಸ್ವಲ್ಪ ಸ್ವಲ್ಪ ಹೇಳಿದರು. ಬೆಂಗಳೂರಿನಲ್ಲಿ ಲಾರಿ ಕಲಿಸಿ ಬರ್ಮಾಕ್ಕೆ ಕಳಿಸಿದ್ದು. ಜಪಾನಿನವರು ಸೋತರು ಎಂದು ಗೊತ್ತಾದಾಗ ಎಲ್ಲರೂ ಕುಣಿದದ್ದು, ಇನ್ನೇನು ಊರಿಗೆ ಹೋಗುತ್ತೇವೆ ಎಂದುಕೊಂಡದ್ದು. ಆದರೆ ಹತ್ತಿಸಿದ ಹಡಗು ಊರ ಕಡೆಗೆ ತಿರುಗಲಿಲ್ಲ, ಜಾವಾ ದ್ವೀಪಕ್ಕೆ ಹೋಯಿತು. ಅಲ್ಲಿ ಜಪಾನಿನವರು ಕೂಡಿಹಾಕಿದ್ದ ಬಿಳಿಯ ಹೆಂಗಸರು ಮಕ್ಕಳನ್ನು ಬಿಡಿಸಿಕೊಂಡು ಬರುವ ಕೆಲಸ ಎಂದು ಅಧಿಕಾರಿಗಳು ಹೇಳಿದ್ದರಂತೆ. ಹೋಗಿ ನೋಡಿದರೆ ಊರೂರಿನಲ್ಲಿ ಕೆಂಪು ಬಿಳಿ ಬಾವುಟ ಹಾರುತ್ತಿತ್ತು. ಮುನ್ನೂರು ವರ್ಷ ಆಳಿದ ಡಚ್ಚರು ಇನ್ನು ಬೇಡ, ಇದು ನಮ್ಮ ದೇಶ ಎಂದು ಆ ಜನ ಆಗತಾನೇ ಸಾರಿಕೊಂಡಿದ್ದರು. ಡಚ್ಚರಿಗೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅವರ ಸೈನ್ಯ ಬರುವ ತನಕ ಅವರ ಪರವಾಗಿ ನಿಂತವರು ಇಂಗ್ಲಿಷರು. ಇಂಗ್ಲಿಷರು ಮುಂದೆ ನಿಲ್ಲಿಸಿದ್ದು ನಮ್ಮವರನ್ನು.

‘ಗೋಡೆ ಮ್ಯಾಲೆಲ್ಲ ಬರ್ದಿದ್ರು ಕಣವ್ವ. ಓದ್ಕೊಂಡಿದ್ದೋನು ಒಬ್ಬ ಓದಿ ಹೇಳ್ದ. ನೀವೂ ಇನ್ನೊಬ್ರ ಕೈಕೆಳಗೆ ಇರೋರೇ, ನಮ್ಮ ಮ್ಯಾಲೆ ಯಾಕೆ ಬತ್ತೀರಿ ಅಂತ.’

‘ನಿಮಗೇನನ್ನಿಸ್ತು ಮಾವ?’

‘ಏನನ್ನಿಸ್ತದೆ? ಊರಿಗೆ ಹೋಗ್ಬೇಕು ಅನ್ನಿಸ್ತು.’

ಅಷ್ಟೇ. ಅಲ್ಲಿಂದ ಮುಂದಕ್ಕೆ ಅವರು ಎಂದೂ ಹೋಗುತ್ತಿರಲಿಲ್ಲ.

ನಮ್ಮ ಮನೆಯವರು ಆಗ ತಿಪಟೂರಿನ ಹೊರವಲಯದ ಒಂದು ತೆಂಗಿನಪುಡಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಕಾಯಿ ತುರಿದು ಒಣಗಿಸಿ ಬಿಸ್ಕತ್ತಿನ ಕಂಪನಿಗಳಿಗೆ ಕಳಿಸುವ ಫ್ಯಾಕ್ಟರಿ ಅದು. ಈಗ ಹದಿನೈದು ವರ್ಷಕ್ಕೂ ಹಿಂದಿನ ಮಾತು. ಮಾಲೀಕರು ಪುಡಿ ಒಣಗಿಸುವ ಹೊಸ ಮಿಷನ್ನನ್ನು ಹೊರದೇಶದಿಂದ ತರಿಸಿದ್ದರು. ಅದನ್ನು ಕೂರಿಸಿ, ಓಡಿಸಿ ತೋರಿಸಲು ಅಲ್ಲಿಂದಲೇ ಒಬ್ಬ ತಂತ್ರಜ್ಞ ಬಂದಿದ್ದ. ನಲವತ್ತೈದರ ಆಸುಪಾಸಿನವನು, ಮೆಲುಮಾತಿನವನು. ಲಾಡ್ಜಿನ ಊಟ ಅವನಿಗೆ ಹಿಡಿಸಿರಲಿಲ್ಲ. ‘ಪಾಪ, ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೀತೀನಿ’ ಎಂದರು ನಮ್ಮ ಮನೆಯವರು.

ನಾನು ಮಾವನಿಗೆ ಕಾಫಿ ಕೊಡುತ್ತಾ ಹೇಳಿದೆ. ‘ಭಾನುವಾರ ಊಟಕ್ಕೆ ನೆಂಟರು ಬರ್ತಾರೆ ಮಾವ. ಜಾವಾದವರಂತೆ.’

‘ಯಾವೂರು ಅಂದೆ?’

‘ಜಾವಾ.’

ಲೋಟ ಕೆಳಗಿಟ್ಟರು. ‘ಯಾತಕ್ಕೆ ಬಂದವ್ನೆ?’

‘ಮಿಷನ್ ಕೂರಿಸಕ್ಕೆ.’

‘ಓ’ ಎಂದರು. ‘ವಯಸ್ಸೆಷ್ಟು ಅವನಿಗೆ?’ ಎಂದು ಕೇಳಿದರು. ಹೇಳಿದೆ. ಕಾಫಿ ಅಲ್ಲೇ ಆರಿತು.

ಭಾನುವಾರ ಬೆಳಿಗ್ಗೆ ರೊಟ್ಟಿ ತಿಂದವರೇ ತೋಟಕ್ಕೆ ಹೊರಟರು. ಊಟದ ಹೊತ್ತಿಗೆ ಬನ್ನಿ ಎಂದರೆ ‘ನೀವು ಉಣ್ಣಿ, ನಾ ಆಮ್ಯಾಕೆ ಬತ್ತೀನಿ’ ಎಂದರು.

ಬಂದವನು ಬಾಗಿಲಲ್ಲೇ ಬೂಟು ಬಿಚ್ಚಿ, ಕೈಕಾಲು ತೊಳೆದುಕೊಂಡ. ನಮಾಜು ಮಾಡಲು ಸ್ವಲ್ಪ ಜಾಗ ಸಿಗುತ್ತದೆಯೇ ಎಂದು ಸಂಕೋಚದಿಂದ ಕೇಳಿದ. ನಡುಮನೆಯಲ್ಲಿ ಹೊಸ ಚಾಪೆ ಹಾಸಿಕೊಟ್ಟೆ. ಮಾಂಸ ಅವರಿಗೆ ಹೇಗೋ ಏನೋ ಎಂದು ನಾನು ಅವರೆಕಾಳಿನ ಸಾರು, ಪಲ್ಯ, ಒತ್ತು ಶಾವಿಗೆ, ಕಾಯಿಹಾಲು ಮಾಡಿದ್ದೆ. ಶಾವಿಗೆಯ ಮೇಲೆ ಬೆಲ್ಲದ ಕಾಯಿಹಾಲು ಹಾಕಿದ ಕೂಡಲೇ ಅವನ ಮುಖ ಅರಳಿತು. ನಮ್ಮ ಮನೆಯಲ್ಲೂ ಇದನ್ನೇ ಮಾಡುತ್ತಾರೆ, ಇದೇ ಶಾವಿಗೆ, ಇದೇ ಹಾಲು, ನಮ್ಮಮ್ಮ ತಾಳೆಬೆಲ್ಲ ಹಾಕುತ್ತಿದ್ದರು ಎಂದ. ಅವನದು ತುಂಡು ತುಂಡು ಇಂಗ್ಲಿಷು. ನಮ್ಮ ಮನೆಯವರದೂ ಫ್ಯಾಕ್ಟರಿಯಲ್ಲಿ ಕಲಿತ ಇಂಗ್ಲಿಷು. ನನ್ನದು ಓದಿದ ಇಂಗ್ಲಿಷು, ಆಡಿ ಅಭ್ಯಾಸವಿಲ್ಲ. ಆದರೂ ಮೂವರೂ ನಗುತ್ತಾ ಮಾತಾಡಿದೆವು. ಅವನು ಎರಡು ಸಲ ಹಾಕಿಸಿಕೊಂಡು ಉಂಡ. ಮುಂದಿನ ಭಾನುವಾರವೂ ಬರುತ್ತೇನೆ, ಇದನ್ನೇ ಮಾಡಿ ಎಂದ.

ಊಟವಾದ ಮೇಲೆ ತೋಟ ನೋಡಬೇಕೆಂದ. ಬೇಡ ಎನ್ನುವುದು ಹೇಗೆ? ಹೊರಟೆವು.

ಮಾವ ತೋಟದ ನಡುವೆ ಕಾಯಿರಾಶಿಯ ಹಿಂದೆ ಒಣಗರಿ ಸವರುತ್ತಾ ಕೂತಿದ್ದರು. ನಮ್ಮನ್ನು ನೋಡಿ ತಲೆ ತಗ್ಗಿಸಿದರು. ಅವನು ಅವರನ್ನು ಗಮನಿಸದೆ ಮರಗಳನ್ನು ನೋಡುತ್ತಾ, ಎತ್ತರ ಅಳೆಯುವವನ ಹಾಗೆ ಕತ್ತೆತ್ತಿ ನಿಂತಿದ್ದ. ಬಿಸಿಲಿಗೆ ಬೆವರಿದ್ದ. ಆಗ ಹಿಂದಿನಿಂದ ಮಾವನ ದನಿ ಕೇಳಿಸಿತು.

‘ಕೆಲಾಪಾ ಮುಡಾ?’

ಅವನು ಗಕ್ಕನೆ ತಿರುಗಿದ. ಎಳನೀರು ಬೇಕೇ ಎಂದು ಅವನ ಭಾಷೆಯಲ್ಲಿ ಕೇಳಿದ್ದಂತೆ ಅದು. ಬಿಸಿಲಲ್ಲಿ ಬಂದವರಿಗೆ ಎಳನೀರು ಬೇಕೇ ಎಂದು ಕೇಳುವುದು ಮಾವನಿಗೆ ಉಸಿರಾಡಿದಷ್ಟು ಸಹಜ. ಆವತ್ತು ಬಾಯಿಗೆ ಬಂದ ಮಾತು ಮಾತ್ರ ಬೇರೆ. ಆಡಿದ ಮೇಲೆ ಅವರಿಗೇ ಗಾಬರಿಯಾದಂತೆ ಕಂಡಿತು.

ಅವನು ಓಡಿ ಬಂದವನ ಹಾಗೆ ಬಂದು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಪಟಪಟನೆ ತನ್ನ ಭಾಷೆಯಲ್ಲಿ ಮಾತಾಡತೊಡಗಿದ. ಮಾವ ಕೈಯಾಡಿಸಿದರು. ‘ಮರ್ತೋಗೈತೆ ಕಣಪ್ಪ, ಎಲ್ಲಾ ಮರ್ತೋಗೈತೆ.’

ಅವನು ನಮ್ಮ ಮನೆಯವರ ಕಡೆ ನೋಡಿದ. ‘ನಿಮ್ಮ ತಂದೆಗೆ ನಮ್ಮ ಮಾತು ಹೇಗೆ ಗೊತ್ತು?’

‘ಅಪ್ಪ ನಿಮ್ಮ ದೇಶದಲ್ಲಿದ್ದರು. ತುಂಬಾ ಹಿಂದೆ. ಇಂಗ್ಲಿಷರ ಸೈನ್ಯದಲ್ಲಿ, ಲಾರಿ ಡ್ರೈವರ್.’

ಅವನ ನಗು ಪೂರ್ತಿ ಹೋಗಲಿಲ್ಲ, ಸ್ವಲ್ಪ ನಿಂತಿತು. ‘ಆಗ ನಮ್ಮಪ್ಪ ಹದಿನೈದು ಹದಿನಾರರ ಹುಡುಗ’ ಎಂದ. ‘ಬಿದಿರಿನ ತುದಿ ಚೂಪು ಮಾಡಿಕೊಂಡು ಸೈನ್ಯದ ಎದುರು ನಿಂತವರು. ಈಗಲೂ ಇದ್ದಾರೆ. ಅವರು ಹೇಳುತ್ತಿರುತ್ತಾರೆ, ಇಂಡಿಯಾದ ಸಿಪಾಯಿಗಳಲ್ಲಿ ಎರಡು ಥರದವರಿದ್ದರಂತೆ. ಕೆಲವರು ನಮಗೆ ಅಕ್ಕಿ ಕೊಟ್ಟರು. ಕೆಲವರು ಗುಂಡು ಹೊಡೆದರು. ಇವರು ಯಾರು?’

ಕೋಪದಿಂದ ಕೇಳಿದ್ದಲ್ಲ. ಅರ್ಧ ತಮಾಷೆ, ಅರ್ಧ ನಿಜವಾಗಿ ಕೇಳಿದಂತಿತ್ತು. ಮಾವ ಯಾರ ಮುಖವನ್ನು ನೋಡಬೇಕೆಂದು ತಿಳಿಯದೆ ನನ್ನನ್ನು ನೋಡಿದರು. ನಮ್ಮ ಮನೆಯವರು ಆ ಪ್ರಶ್ನೆಯನ್ನು ಕನ್ನಡದಲ್ಲಿ ತಂದೆಗೆ ಹೇಳಲೇ ಇಲ್ಲ. ಕ್ಷಣವೂ ತಡೆಯದೆ ತಾವೇ ಉತ್ತರ ಕೊಟ್ಟರು.

‘ರೈಸ್, ರೈಸ್. ಅಪ್ಪ ಅಕ್ಕಿ ಕೊಟ್ಟವರು.’

ಅವನ ಕಣ್ಣು ತುಂಬಿತು. ಮಾವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ. ಅವರ ಕಡೆ ಹಿರಿಯರಿಗೆ ಹಾಗೆ ಮರ್ಯಾದೆ ಮಾಡುತ್ತಾರಂತೆ. ಕುಡುಗೋಲಿನ ಮಣ್ಣು, ಗರಿಯ ದೂಳು ಹಿಡಿದ ಕೈ ಅದು. ಅವನ ಹಣೆಗೂ ಮೆತ್ತಿತು. ಆಮೇಲೆ ಮಾವನ ಪಕ್ಕದಲ್ಲಿ ಕೂತು, ನಮ್ಮ ಮನೆಯವರ ಕೈಗೆ ಮೊಬೈಲು ಕೊಟ್ಟು ಫೋಟೊ ತೆಗೆಸಿಕೊಂಡ. ಮಾವ ಏನೂ ಅರ್ಥವಾಗದೆ ನೆಟ್ಟಗೆ ಕೂತಿದ್ದರು.

ಅವನು ಹೊರಟ ಮೇಲೆ ಸಂಜೆ ನಾನು ಹಸುವಿಗೆ ಬೂಸ ಕಲಸುತ್ತಿದ್ದೆ. ಮಾವ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತರು.

‘ಆವಯ್ಯ ನನ್ ಕೈಯ ಯಾಕವ್ವ ಹಣೆಗೊತ್ಕಂಡ?’

ನಾನು ಇದ್ದದ್ದನ್ನು ಹೇಳಿದೆ. ಅವನು ಏನು ಕೇಳಿದ, ನಮ್ಮ ಮನೆಯವರು ಏನು ಹೇಳಿದರು, ಎರಡನ್ನೂ.

ಹಸು ಬಾನಿ ಖಾಲಿ ಮಾಡಿತು. ಆಮೇಲೆ ಮಾವ ದನಿ ಏರಿಸದೆ, ಎಲ್ಲೂ ನಿಲ್ಲಿಸದೆ ಹೇಳಿದರು. ಇಷ್ಟು ವರ್ಷ ಎಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲಿಂದಲೇ ಶುರು ಮಾಡಿದರು.

ಅವರ ಜೊತೆ ಕೆಂಕೆರೆ ಕಡೆಯವನು ಒಬ್ಬನಿದ್ದ. ಅವನೂ ಡ್ರೈವರ್. ಇಡೀ ತುಕಡಿಯಲ್ಲಿ ಕನ್ನಡ ಆಡುತ್ತಿದ್ದವರು ಇವರಿಬ್ಬರೇ. ಒಂದು ದಿನ ಸಾಲಾಗಿ ಲಾರಿಗಳು ಹೋಗುತ್ತಿದ್ದಾಗ ರಸ್ತೆಯ ಪಕ್ಕದ ತೆಂಗಿನ ತೋಟದಿಂದ ಗುಂಡು ಬಂತು. ಮುಂದಿನ ಲಾರಿ ಅವನದು. ಹೊತ್ತಿ ಉರಿಯಿತು. ಅವನನ್ನು ಈಚೆಗೆ ಎಳೆಯಲಾಗಲಿಲ್ಲ. ಮಾರನೆಯ ದಿನ ಅಧಿಕಾರಿ ಆ ಊರಿಗೆ ಪಾಠ ಕಲಿಸಬೇಕು ಎಂದ. ರಸ್ತೆಯ ಎರಡೂ ಬದಿಯ ಮರ ಬೀಳಿಸಬೇಕು, ಮನೆಗಳನ್ನು ಸುಡಬೇಕು. ಮಾವನ ಲಾರಿಗೆ ಸೀಮೆಎಣ್ಣೆ ಡಬ್ಬಗಳನ್ನೂ ಕೊಡಲಿಗಳನ್ನೂ ತುಂಬಿದರು.

‘ಹವಾಲ್ದಾರ ಕೇಳ್ದ, ನೀನು ತೆಂಗಿನ ಸೀಮೆಯೋನಲ್ವಾ, ಇವ್ರಿಗೆ ತೋರ್ಸಿಕೊಡು ಅಂತ. ಅವ್ರಿಗೆ ಬತ್ತಿರ್ಲಿಲ್ಲ ಕಣವ್ವ. ಸುಮ್ನೆ ಕಚ್ಚು ಹಾಕೋರು. ಯಾವ ಕಡೀಕೆ ಕೆಡವ್ಬೇಕು, ಎಲ್ಲಿಗೆ ಏಟು ಹಾಕ್ಬೇಕು, ನಾನೇ ತೋರಿಸ್ದೆ. ಲಾರಿ ಓಡಿಸ್ಕಂಡು ಸುಮ್ನೆ ಕೂತಿರ್ಬೌದಿತ್ತು. ಕೋಪ ಇತ್ತು. ಅವನು ಸುಟ್ಟೋಗಿದ್ದು ಕಣ್ಮುಂದೆ ಇತ್ತು. ಸುಳ್ಳು ಯಾಕೇಳ್ಲಿ?’

ಒಬ್ಬ ಮುದುಕಿ ಮನೆಯೊಳಗಿಂದ ಬಂದಳಂತೆ. ಓಡಿಹೋಗಲಿಲ್ಲ, ಅಳಲಿಲ್ಲ. ಇವರು ಯಾವ ಮರದ ಹತ್ತಿರ ಹೋದರೆ ಆ ಮರದ ಹತ್ತಿರ ಬಂದು, ಬೊಡ್ಡೆಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದಳಂತೆ. ಸಿಪಾಯಿಗಳು ಅವಳನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಅವಳು ಮುಂದಿನ ಮರಕ್ಕೆ ಹೋಗುತ್ತಿದ್ದಳು.

‘ಜಂಗಾನ್, ಜಂಗಾನ್ ಅಂತಿದ್ಲು. ಬ್ಯಾಡ ಅಂತ. ಆ ಮಾತು ನಂಗೆ ಗೊತ್ತಿತ್ತು. ಗೊತ್ತಿಲ್ದೆ ಇದ್ದಿದ್ರೆ ಎಷ್ಟೋ ವಾಸಿಯಾಗಿತ್ತು.’

ಮನೆಗಳಿಗೆ ಬೆಂಕಿ ಹಾಕಿದ್ದು ಬೇರೆಯವರು. ಬಿದಿರು ತಡಿಕೆ, ಗರಿಯ ಸೂರು, ಹೊತ್ತಲು ಹೊತ್ತು ಬೇಕಾಗಲಿಲ್ಲ. ಮುದುಕಿ ಆಮೇಲೆ ಎಲ್ಲಿಗೆ ಹೋದಳೋ ಮಾವನಿಗೆ ಗೊತ್ತಿಲ್ಲ. ಊರಿಗೆ ಬಂದ ಮೇಲೆ, ಸತ್ತವನ ತಂದೆತಾಯಿಗೆ ಮುಖ ತೋರಿಸಿ ಬರೋಣವೆಂದು ಒಂದು ಸಲ ಕೆಂಕೆರೆಯ ತನಕ ನಡೆದುಹೋಗಿದ್ದರಂತೆ. ಊರ ಮುಂದಿನ ದೇವಸ್ಥಾನದಲ್ಲಿ ಕೂತು, ಹೇಳಲು ಬಾಯಿ ಬರದೆ ಹಾಗೇ ವಾಪಸಾದರಂತೆ.

‘ಒಂದು ಹಿಡಿ ಅಕ್ಕಿನೂ ಕೊಟ್ಟೋನಲ್ಲ ನಾನು’ ಎಂದರು. ‘ನಾಳೆ ಅವನತ್ರ ಕರ್ಕೊಂಡೋಗವ್ವ.’

ಊಟಕ್ಕೆ ಕೂತಾಗ ಮಾವ ಮಗನಿಗೂ ಇದನ್ನೇ ಹೇಳಿದರು. ನಮ್ಮ ಮನೆಯವರು ಕೈಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿಬಿಟ್ಟರು.

‘ಅಪ್ಪಾ, ಅರವತ್ತು ವರ್ಷದ ಹಿಂದಿನ ಮಾತು. ಅವನು ಆಗ ಹುಟ್ಟೇ ಇರಲಿಲ್ಲ. ಸಂತೋಷವಾಗಿ ಉಂಡ್ಕೊಂಡು ಹೋದ. ಈಗ ಹೋಗಿ ಇದನ್ನ ಹೇಳಿದ್ರೆ ಯಾರಿಗೆ ಏನು ಸಿಕ್ತದೆ? ಬುಡು ಅತ್ಲಾಗೆ.’

‘ನಾ ಆಡ್ದೇ ಇದ್ದ ಮಾತ್ನ ನನ್ ಬಾಯಿಗೆ ಹಾಕ್ದೋನು ನೀನು ಕಣ್ಲಾ.’

‘ಮತ್ತೇನು ಹೇಳ್ಬೇಕಿತ್ತು? ಮನೆಗೆ ಬಂದ ನೆಂಟನ ಮುಂದೆ, ನಮ್ಮಪ್ಪ ಗುಂಡು ಹೊಡೆದೋರ ಕಡೆಯೋನು ಅನ್ಬೇಕಿತ್ತಾ?’

‘ನನ್ನ ಕೇಳ್ಬೇಕಿತ್ತು’ ಎಂದರು ಮಾವ.

ನಮ್ಮ ಮನೆಯವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆವತ್ತು ಆಗಲಿಲ್ಲ. ಈಗಲೂ ಪೂರ್ತಿ ಆಗುವುದಿಲ್ಲ. ಅವರು ಸುಳ್ಳು ಹೇಳಿದ್ದು ತಮಗಾಗಿ ಅಲ್ಲ. ತಂದೆಯ ಮೇಲಿನ ಪ್ರೀತಿಗೆ, ಊಟಕ್ಕೆ ಕೂರಿಸಿದವನ ಮೇಲಿನ ಮರ್ಯಾದೆಗೆ. ಆದರೆ ಮಾವ ಆ ರಾತ್ರಿ ಉಣ್ಣಲಿಲ್ಲ, ಬೆಳಿಗ್ಗೆಯೂ ಉಣ್ಣಲಿಲ್ಲ. ಎಂಬತ್ತು ದಾಟಿದ ಜೀವ. ಎರಡು ದಿನ ನೋಡಿದೆ. ಮೂರನೆಯ ದಿನ ಶಾಲೆಗೆ ರಜೆ ಹಾಕಿ, ಮಾವನಿಗೆ ಒಗೆದ ಪಂಚೆ ಉಡಿಸಿ, ಮಾಯಸಂದ್ರದಿಂದ ತುರುವೇಕೆರೆಗೆ, ತುರುವೇಕೆರೆಯಿಂದ ತಿಪಟೂರಿಗೆ ಬಸ್ಸು ಹಿಡಿದೆ. ಮನೆಯವರಿಗೆ ಹೇಳಿಯೇ ಹೋದೆ. ‘ನಿಮ್ಮಿಷ್ಟ’ ಎಂದರು.

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ತೋಟಗಳನ್ನು ನೋಡುತ್ತಿದ್ದರು. ಮಾರುಕಟ್ಟೆಯ ದಿನವಾದ್ದರಿಂದ ತಿಪಟೂರಿನ ತುಂಬ ಕೊಬ್ಬರಿ ಮೂಟೆಯ ಗಾಡಿಗಳು. ಆಟೊ ಹಿಡಿದು ಫ್ಯಾಕ್ಟರಿಗೆ ಹೋದೆವು. ಕಾವಲುಗಾರ ನಮ್ಮನ್ನು ಗುರುತಿಸಿ ನೀರಿನ ಟ್ಯಾಂಕಿನ ಹತ್ತಿರ ಬೇವಿನಮರದ ಕೆಳಗೆ ಬೆಂಚು ತೋರಿಸಿ, ಅವನನ್ನು ಕರೆಯಲು ಒಳಗೆ ಹೋದ. ನಮ್ಮ ಮನೆಯವರು ಈಚೆಗೆ ಬರಲಿಲ್ಲ. ಒಳಗೆ ಮಿಷನ್ನು ಓಡುತ್ತಿತ್ತು. ಗಾಳಿಯಲ್ಲೆಲ್ಲ ಹುರಿದ ಕಾಯಿಯ ವಾಸನೆ.

ಅವನು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಬಂದ. ಮಾವನನ್ನು ಕಂಡು ದೂರದಿಂದಲೇ ನಕ್ಕ. ಹತ್ತಿರ ಬಂದವನೇ ನಾನು ಬಾಯಿ ತೆಗೆಯುವ ಮೊದಲೇ ಹೇಳಿದ. ಭಾನುವಾರ ರಾತ್ರಿಯೇ ತಂದೆಗೆ ಫೋನು ಮಾಡಿದ್ದನಂತೆ. ಅವರು ಅತ್ತರಂತೆ. ಅಕ್ಕಿ ಕೊಟ್ಟವರಲ್ಲಿ ಒಬ್ಬರಾದರೂ ಬದುಕಿದ್ದಾರಲ್ಲ, ಅವರಿಗೆ ನನ್ನ ಸಲಾಮು ಹೇಳು ಎಂದರಂತೆ. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರಂತೆ.

ನಾನು ಮಾವನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವರು ಬೆಂಚಿನ ಅಂಚನ್ನು ಹಿಡಿದುಕೊಂಡರು. ವಾಪಸು ಹೋಗೋಣ ಎನ್ನುತ್ತಾರೇನೋ ಎಂದುಕೊಂಡೆ. ಎನ್ನಲಿ ಎಂದು ಒಳಗೊಳಗೇ ಆಸೆಯೂ ಆಯಿತು.

‘ಹೇಳವ್ವ ಅವನಿಗೆ. ಒಂದು ಮಾತೂ ಬುಡ್ಬೇಡ.’

ಮಾವ ಒಂದೊಂದೇ ವಾಕ್ಯ ಹೇಳಿದರು. ನಾನು ಒಂದೊಂದನ್ನೇ ಇಂಗ್ಲಿಷಿಗೆ ತಂದೆ. ಲಾರಿ, ಬೆಂಕಿ, ಗೆಳೆಯ, ಸೀಮೆಎಣ್ಣೆ. ಕೊಡಲಿ ಎನ್ನುವುದಕ್ಕೆ ಆ ಕ್ಷಣದಲ್ಲಿ ಇಂಗ್ಲಿಷ್ ಮಾತು ನನ್ನ ನಾಲಗೆಗೆ ಬರಲೇ ಇಲ್ಲ. ಕೈಯಲ್ಲಿ ಬೀಸಿ ತೋರಿಸಿದೆ. ಅವನು ಬೇವಿನಮರದ ಬೊಡ್ಡೆಯನ್ನೂ ನನ್ನ ಕೈಯನ್ನೂ ನೋಡಿದ. ಮುಖ ಬಣ್ಣಗೆಟ್ಟಿತು. ಮುದುಕಿ ಆಡಿದ ಮಾತನ್ನು ನಾನು ಅನುವಾದಿಸಬೇಕಾಗಲಿಲ್ಲ. ಮಾವ ಅದನ್ನು ಅವನ ಭಾಷೆಯಲ್ಲೇ ಹೇಳಿದರು. ಎರಡು ಸಲ ಹೇಳಿದರು.

ಯಾವ ಊರು ಅದು ಎಂದು ಅವನು ಕೇಳಿದ. ಮಾವನಿಗೆ ಹೆಸರು ತಿಳಿಯದು. ಒಂದು ಹೊಳೆ, ಮುರಿದ ಸೇತುವೆ, ಇಟ್ಟಿಗೆ ಗೂಡು ಇತ್ತು ಎಂದರು. ಅವನು ಯೋಚಿಸಿ, ನಮ್ಮ ಕಡೆಯದಲ್ಲ, ನಮ್ಮದು ಬೆಟ್ಟದ ಸೀಮೆ ಎಂದ. ಅವನಿಗೆ ಅಷ್ಟರಮಟ್ಟಿಗೆ ಹಗುರಾಯಿತೇನೋ ಅನ್ನಿಸಿತು. ಮರುಕ್ಷಣವೇ ಆ ಹಗುರಕ್ಕೂ ನಾಚಿಕೊಂಡವನಂತೆ ನೆಲ ನೋಡಿದ.

‘ನಮ್ಮಪ್ಪನಿಗೆ ನಾನು ಈಗ ಏನು ಹೇಳಲಿ?’ ಎಂದ.

ನಾನು ಮಾವನಿಗೆ ಹೇಳಿದೆ.

‘ಇದ್ದದ್ದ ಹೇಳ್ಲಿ.’

ಅವನು ತಲೆಯಲ್ಲಾಡಿಸಿದ. ಬಟ್ಟೆಯಲ್ಲಿ ಕೈಯನ್ನು ಮತ್ತೆ ಮತ್ತೆ ಒರೆಸಿಕೊಂಡ. ಒರೆಸಿಕೊಳ್ಳಲು ಏನೂ ಉಳಿದಿರಲಿಲ್ಲ. ಆಮೇಲೆ ನನ್ನನ್ನು ನೋಡದೆ, ಮಾವನನ್ನು ನೋಡದೆ ಇಷ್ಟು ಹೇಳಿದ. ‘ನೀವು ಬರದೆ ಇರಬಹುದಿತ್ತು.’

ಇದನ್ನು ಕನ್ನಡದಲ್ಲಿ ಹೇಳಬೇಕೋ ಬೇಡವೋ ಎಂದು ನಾನು ಅನುಮಾನಿಸಿದೆ. ಮಾವ ‘ಏನಂದ?’ ಎಂದರು. ಹೇಳಿದೆ.

‘ನಿಜ ಕಣಪ್ಪ’ ಎಂದರು ಮಾವ, ನೇರವಾಗಿ ಅವನಿಗೇ, ಕನ್ನಡದಲ್ಲೇ. ‘ಬರ್ದೇ ಇರ್ಬೌದಿತ್ತು. ನಿಮ್ ದೇಸಕ್ಕೂ ಬರ್ದೇ ಇರ್ಬೌದಿತ್ತು.’

ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಾಗಲಿಲ್ಲ. ಒಳಗಿನಿಂದ ಯಾರೋ ಅವನನ್ನು ಕೂಗಿದರು, ಮಿಷನ್ನಿನ ಸದ್ದು ಬದಲಾಗಿತ್ತು. ಅವನು ಒಳಗೆ ಹೋಗಲು ಅಣಿಯಾದ. ಮಾವ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಮುಂದೆ ಚಾಚಲಿಲ್ಲ. ಅವನೂ ಹಿಡಿಯಲು ಬಗ್ಗಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ತಲೆಬಾಗಿಸಿ ಹೊರಟುಹೋದ. ಐದು ನಿಮಿಷ ಕಳೆದ ಮೇಲೆ ಕಾವಲುಗಾರ ಎರಡು ಲೋಟ ಟೀ ತಂದ. ಅವನೇ ಕಳಿಸಿದ್ದು. ಮಾವ ಪೂರ್ತಿ ಕುಡಿದು, ಲೋಟ ತೊಳೆದು ಇಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ‘ಈಗ ಸಮಾಧಾನವಾ ಮಾವ?’ ಎಂದು ಕೇಳಿದೆ.

‘ಸಮಾಧಾನಕ್ಕೆ ಬಂದೋನಲ್ಲ ಕಣವ್ವ’ ಎಂದರು. ‘ಆ ಮುದುಕಪ್ಪ ಅಲ್ಲಿ ಖುಸಿಯಾಗಿದ್ದ. ಅದ್ನೂ ಕಿತ್ಕೊಂಡಂಗಾಯ್ತು.’

ಮುಂದಿನ ಭಾನುವಾರ ನಾನು ಶಾವಿಗೆ ಮಾಡಿದೆ. ಬರುತ್ತಾನೆಂಬ ನಂಬಿಕೆ ಇತ್ತೆಂದಲ್ಲ, ಬಂದುಬಿಟ್ಟರೆ ಎಂದು. ಮಾವ ಬೆಳಿಗ್ಗೆಯೇ ಸ್ನಾನ ಮಾಡಿ ಜಗಲಿಯ ಮೇಲೆ ಕೂತರು. ತೋಟಕ್ಕೆ ಹೋಗಲಿಲ್ಲ. ಮಧ್ಯಾಹ್ನ ಕಳೆಯಿತು. ಮೂರು ಗಂಟೆಯ ಬಸ್ಸೂ ಹೋಯಿತು. ಸೋಮವಾರ ಫ್ಯಾಕ್ಟರಿಯಿಂದ ಬಂದ ನಮ್ಮ ಮನೆಯವರು, ಕೆಲಸ ಮುಗಿಯಿತೆಂದು ಅವನು ಶನಿವಾರವೇ ಬೆಂಗಳೂರಿಗೆ ಹೋದನೆಂದು ಹೇಳಿದರು. ಹೊರಡುವಾಗ ಎಲ್ಲರ ಕೈ ಕುಲುಕಿದನಂತೆ. ಇವರ ಕೈಯನ್ನೂ ಕುಲುಕಿದನಂತೆ. ಮನೆಯ ಸುದ್ದಿ ಎತ್ತಲಿಲ್ಲವಂತೆ.

ತಂದೆ ಮಗನ ನಡುವೆ ಬಹಳ ದಿನ ಬೇಕಾದಷ್ಟೇ ಮಾತಿತ್ತು. ನೀರು ಬಿಟ್ಟೆಯಾ, ಕಾಯಿ ಇಳಿಸಿದರಾ, ಅಷ್ಟೇ. ಮರುವರ್ಷ ಮಳೆಗಾಲ ಕಳೆಯುತ್ತಲೇ ಮಾವ ತೀರಿಕೊಂಡರು. ಜ್ವರ ಬಂದು ಮಲಗಿದವರು ಏಳಲಿಲ್ಲ. ಜಾವಾದ ಮಾತನ್ನು ಮತ್ತೆ ಎತ್ತಿರಲಿಲ್ಲ. ಕೊನೆಯಲ್ಲಾದರೂ ಏನಾದರೂ ಹೇಳಿಯಾರೆಂದು ನಾನು ಹತ್ತಿರವೇ ಕೂತಿದ್ದೆ. ನೀರು ಕೇಳಿದರು, ಮಗನನ್ನು ಕೇಳಿದರು.

ಮಗ ಆಗ ತುಮಕೂರಿಗೆ ಹೋಗಿದ್ದರು. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇದನ್ನು ಅವರು ಇಂದಿಗೂ ಮರೆತಿಲ್ಲ. ಒಮ್ಮೆ, ನಿವೃತ್ತಿಯಾದ ಮೇಲೆ, ಟಿ.ವಿ.ಯಲ್ಲಿ ಎಲ್ಲಿಯದೋ ಯುದ್ಧದ ಸುದ್ದಿ ಬರುತ್ತಿತ್ತು. ಸಣ್ಣದೊಂದು ದೇಶ, ಹಿಂದೆ ತನ್ನನ್ನು ಆಳಿದವರ ಎದುರು ನಿಂತಿರುವ ಸುದ್ದಿ. ನಮ್ಮ ಮನೆಯವರು ಅದನ್ನು ನೋಡುತ್ತಾ ನೋಡುತ್ತಾ ಇದ್ದಕ್ಕಿದ್ದಂತೆ ಹೇಳಿದರು. ‘ಆವತ್ತು ನಾನು ಅವನ ಪ್ರಶ್ನೇನ ಅಪ್ಪನಿಗೇ ಕೇಳಿದ್ದಿದ್ರೆ ಅಪ್ಪನೇ ಏನಾದ್ರೂ ಹೇಳ್ತಿದ್ದ. ತೋಟದಲ್ಲೇ ಹೇಳಿ ಮುಗಿಸ್ತಿದ್ದ. ಅವನೂ ಅಲ್ಲೇ ಕೇಳಿಸ್ಕೊಳ್ತಿದ್ದ. ಇಷ್ಟೆಲ್ಲ ಆಗ್ತಿರಲಿಲ್ಲ.’

ಇರಬಹುದು ಎಂದೆ. ಹಾಗೆ ಆಗುತ್ತಿತ್ತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಇವರು ಕೇಳಿದ್ದರೂ ಮಾವ ತೋಟದಲ್ಲಿ ಹೇಳುತ್ತಲೇ ಇರಲಿಲ್ಲವೇನೋ. ಸುಳ್ಳು ಮರ್ಯಾದೆ ಕೈಗೆ ತಾಗಿದ್ದರಿಂದಲೇ ಅವರಿಗೆ ಬಾಯಿ ಬಂತೇನೋ. ನಾನು ಆವತ್ತು ರಜೆ ಹಾಕದೆ, ಬಸ್ಸು ಹತ್ತಿಸದೆ, ನಾಳೆ ನೋಡೋಣ ಮಾವ ಎಂದು ದಿನ ತಳ್ಳಿದ್ದರೆ ಆ ಮನುಷ್ಯ ಹೊರಟುಹೋಗಿರುತ್ತಿದ್ದ. ದೂರದ ಬೆಟ್ಟದ ಊರಿನಲ್ಲಿ ಒಬ್ಬ ಮುದುಕ ಸಂತೋಷವಾಗಿಯೇ ಇರುತ್ತಿದ್ದ. ನಮ್ಮ ಮನೆಯಲ್ಲಿ ಒಬ್ಬರು ಅನ್ನ ಬಿಟ್ಟು ಕೂತಿರುತ್ತಿದ್ದರು. ಇಬ್ಬರಲ್ಲಿ ಒಬ್ಬರ ಮನಸ್ಸನ್ನು ಮಾತ್ರ ನಾನು ನೋಡಬಹುದಿತ್ತು. ಕಣ್ಣೆದುರು ಇದ್ದವರನ್ನು ನೋಡಿದೆ.

ಕೆಲವು ವರ್ಷಗಳ ನಂತರ ಮಿಷನ್ನಿನ ರಿಪೇರಿಗೆಂದು ಅದೇ ದೇಶದಿಂದ ಇನ್ನೊಬ್ಬ ಬಂದಿದ್ದ, ಎಳೆಯ ವಯಸ್ಸಿನವನು. ಮೊದಲು ಬಂದಿದ್ದವರು ಹೇಗಿದ್ದಾರೆ, ಅವರ ತಂದೆ ಇದ್ದಾರೆಯೇ ಎಂದು ನಮ್ಮ ಮನೆಯವರು ವಿಚಾರಿಸಿದರಂತೆ. ಅವರು ಕೆಲಸ ಬಿಟ್ಟು ತಮ್ಮ ಊರಿಗೆ ಹೋದರು, ಹೆಚ್ಚಿಗೆ ತಿಳಿಯದು ಎಂದನಂತೆ. ಊಟಕ್ಕೆ ಕರೆಯೋಣವೇ ಎಂದು ಇವರು ನನ್ನನ್ನು ಕೇಳಿದರು. ಕರೆಯಿರಿ ಎಂದೆ. ಅವನಿಗೆ ಸಮಯವಾಗಲಿಲ್ಲ.

ಮೊದಲು ಬಂದಿದ್ದವನು ತನ್ನ ತಂದೆಗೆ ಕೊನೆಗೆ ಏನು ಹೇಳಿದ, ಹೇಳಿದನೋ ಇಲ್ಲವೋ, ಆ ಮುದುಕರು ಅದನ್ನು ಹೇಗೆ ತೆಗೆದುಕೊಂಡರು ಎಂಬುದು ನನಗೆ ಇನ್ನು ಗೊತ್ತಾಗುವುದಿಲ್ಲ.